‘ನಾವೇನೂ ಮಾಡಿಲ್ಲ’ ಎನ್ನುವ ಮನೆಗಳಲ್ಲಿ ಲೈನಕ್ಕ

ಬೆಳಗಿನ ಆರಕ್ಕೆ ಬಾಗಿಲು ತಟ್ಟುವವರನ್ನು ಯಾರೂ ನಗುನಗುತ್ತಾ ಬರಮಾಡಿಕೊಳ್ಳುವುದಿಲ್ಲ. ಬೀದಿದೀಪ ಇನ್ನೂ ಆರಿಲ್ಲ. ಪಕ್ಕದ ಮನೆಯ ನಾಯಿ ಬೊಗಳುವುದೋ ಬೇಡವೋ ಎಂದು ಯೋಚಿಸುತ್ತಿದೆ. ಹೆಗಲಿಗೆ ಕಪ್ಪು ಚೀಲ, ಕಂಕುಳಲ್ಲಿ ಮಡಚುವ ಏಣಿ, ತೋಳಿಗೆ ಬಳೆಯಂತೆ ಸಿಕ್ಕಿಸಿಕೊಂಡ ಕೇಬಲ್ ಸುರುಳಿ ಹೊತ್ತು ನಿಂತ ಹೆಂಗಸನ್ನು ಬಾಗಿಲು ತೆರೆದ ಗಂಡಸು ನೋಡಿಯೂ ನೋಡದಂತೆ, ಅವರ ತಲೆಯ ಮೇಲಿಂದ ರಸ್ತೆಯತ್ತ ಕಣ್ಣಾಡಿಸುತ್ತಾನೆ.

“ಮೆಕ್ಯಾನಿಕ್ ಎಲ್ಲಿ?”

“ಇಲ್ಲೇ ನಿಂತಿದ್ದೀನಲ್ಲ ಅಣ್ಣ. ಚಪ್ಪಲಿ ಹೊರಗೇ ಬಿಡ್ಲಾ?”

ಈ ಪ್ರಶ್ನೆ, ಈ ಉತ್ತರ, ಎರಡೂ ಲೈನಕ್ಕನಿಗೆ ಬಾಯಿಪಾಠ. ನಲವತ್ತು ದಾಟಿದ ಈಕೆಯ ನಿಜವಾದ ಹೆಸರು ಅವರ ಗುರುತಿನ ಚೀಟಿಯಲ್ಲಿದೆ, ಯಾರೂ ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ. ಕಂಪ್ಯೂಟರಿಗೆ ಇಂಟರ್ನೆಟ್ ಬಾರದಾದಾಗ, ಬಂದದ್ದು ನಿಲ್ಲದಾದಾಗ, ಅಂಗಡಿ ಬೀದಿಯಿಂದ ಹಿಡಿದು ಗುಡ್ಡದ ಮೇಲಿನ ಮನೆಗಳವರೆಗೆ ಎಲ್ಲರೂ ಹುಡುಕುವುದು ಲೈನಕ್ಕನನ್ನೇ. ಲೈನು ಬಂದ ಮೇಲೆ ಮರೆಯುವುದೂ ಅವರನ್ನೇ. “ಮರೆತ್ರೆ ಒಳ್ಳೇದು. ನೆನಪಾಯ್ತು ಅಂದ್ರೆ ಮತ್ತೆ ಕೆಟ್ಟಿದೆ ಅಂತ ತಾನೇ?” ಎಂದು ನಗುತ್ತಾರೆ.

ಇವತ್ತು ಆ ನಗುವಿಗೆ ಈ ಮನೆಯಲ್ಲಿ ಜಾಗವಿಲ್ಲ. ಒಳಕೋಣೆಯ ಮಂಚದ ಮೇಲೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬರು ಕಾಲು ಚಾಚಿ ಕೂತಿದ್ದಾರೆ. ಬಲಗಾಲಿಗೆ ಮೊಣಕಾಲಿನ ತನಕ ಪ್ಲಾಸ್ಟರು. ರಾತ್ರಿ ನಿದ್ದೆ ಮಾಡಿಲ್ಲವೆಂದು ಮುಖವೇ ಹೇಳುತ್ತಿದೆ. ಬಾಗಿಲು ತೆರೆದವನು ಅವರ ಅಣ್ಣ. ಬೆಳಗ್ಗೆ ಹತ್ತಕ್ಕೆ ಕೋರ್ಟಿನ ವಿಚಾರಣೆ. ಕೋರ್ಟು ಇರುವುದು ದೂರದ ಇನ್ನೊಂದು ಊರಿನಲ್ಲಿ, ಮುರಿದ ಕಾಲಿನಲ್ಲಿ ಹೋಗುವ ಹಾಗಿಲ್ಲ. ಅದಕ್ಕೇ ಕಂಪ್ಯೂಟರಿನ ಮುಂದೆ ಕೂತು ಮಾತಾಡಲು ಅನುಮತಿ ಸಿಕ್ಕಿದೆ. ಆರು ವರ್ಷದ ಮಗಳು ಯಾರ ಬಳಿ ಬೆಳೆಯಬೇಕು ಎಂಬುದು ಮೊಕದ್ದಮೆ. ಮಗಳು ಈಗ ತಂದೆಯ ಮನೆಯಲ್ಲಿದ್ದಾಳೆ.

“ಹೋದ ಸಲ ನಾನು ಮಾತಾಡೋಕೆ ಶುರು ಮಾಡಿದ್ದೇ ತಡ, ಲೈನ್ ಹೋಯ್ತು,” ಎನ್ನುತ್ತಾರೆ ಆ ತಾಯಿ. “ಮತ್ತೆ ಸೇರ್ಕೊಂಡೆ. ಮತ್ತೆ ಹೋಯ್ತು. ಅವರ ವಕೀಲರು, ಈಕೆ ಬೇಕಂತಲೇ ಆಫ್ ಮಾಡ್ಕೋತಿದಾಳೆ, ಹೇಳೋಕೆ ಏನೂ ಇಲ್ಲ, ಅಂದ್ರಂತೆ. ಈ ಸಲವೂ ಸಿಗದಿದ್ರೆ ನನ್ನ ಮಾತು ಕೇಳದೇನೇ ಮುಂದುವರೀತೀವಿ ಅಂತ ಜಡ್ಜು ಹೇಳಿದಾರೆ.”

ಅಣ್ಣ ನಡುವೆ ಬಾಯಿ ಹಾಕುತ್ತಾನೆ. “ಇವಳೇ ಗಾಬರೀಲಿ ಏನೋ ಒತ್ತಿರ್ತಾಳೆ ಅಕ್ಕ. ಮೂರು ಜನ ಬಂದು ನೋಡಿ ಹೋದ್ರು. ಮೂರೂ ಜನ ಎಲ್ಲ ಸರಿಯಾಗಿದೆ ಅಂದ್ರು.”

ತಂಗಿ ತಲೆ ತಗ್ಗಿಸುತ್ತಾರೆ. “ಒತ್ತಿರಬಹುದು. ನಂಗೇ ಗೊತ್ತಿಲ್ಲ.”

ಯಾವ ಮನೆಗೆ ಹೋದರೂ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದು ಲೈನಕ್ಕನ ರೂಢಿ. ಫ್ರಿಜ್ಜು ಯಾವ ಗೋಡೆಗಿದೆ, ನೀರಿನ ಪಂಪು ಎಲ್ಲಿ ಗುಂಯ್‌ಗುಡುತ್ತದೆ, ಎಷ್ಟು ಉಪಕರಣಗಳ ವೈರುಗಳು ಒಂದೇ ಬೋರ್ಡಿಗೆ ಜೋತುಬಿದ್ದಿವೆ ಎಂದು ಕಿವಿ, ಕಣ್ಣು ಎರಡರಿಂದಲೂ ನೋಡುತ್ತಾರೆ. ಆಮೇಲೆ ಒಂದೇ ಪ್ರಶ್ನೆ: “ಈ ಮನೇಲಿ ಇತ್ತೀಚೆಗೆ ಏನು ಬದಲಾಯಿಸಿದ್ರಿ?”

“ನಾವೇನೂ ಮಾಡಿಲ್ಲ,” ಎನ್ನುತ್ತಾನೆ ಅಣ್ಣ.

ಇದೂ ಬಾಯಿಪಾಠವೇ. “ಏನೂ ಮಾಡಿಲ್ಲ ಅನ್ನದ ಮನೇನೇ ನಾನು ನೋಡಿಲ್ಲ,” ಎಂದು ಮತ್ತೊಂದು ದಿನ ಬಿಡುವಾಗಿ ಮಾತಾಡುವಾಗ ಅವರು ಹೇಳುತ್ತಾರೆ. “ಸುಳ್ಳು ಹೇಳ್ತಾರೆ ಅಂತಲ್ಲ. ಒಳ್ಳೇದಕ್ಕೆ ಅಂತ ಮಾಡಿದ್ದು ಯಾರಿಗೂ ನೆನಪಿರಲ್ಲ. ಧೂಳು ಕೂತಿತ್ತು ಅಂತ ರೂಟರನ್ನ ಬೀರುವಿನೊಳಗೆ ಇಟ್ಟಿರ್ತಾರೆ. ಕಣ್ಣಿಗೆ ಚೆನ್ನಾಗಿ ಕಾಣಲ್ಲ ಅಂತ ಮುಂದೆ ಹೂದಾನಿ ಇಟ್ಟಿರ್ತಾರೆ. ಕೇಳಿದ್ರೆ, ನಾವೇನೂ ಮಾಡಿಲ್ಲ.”

ಕೆಲಸ ಶುರುವಾಗುತ್ತದೆ. ರೂಟರು ಹೊರಗಿನ ಪಡಸಾಲೆಯಲ್ಲಿದೆ. ಗೋಡೆಗಳು ದಪ್ಪ, ಒಳಕೋಣೆಗೆ ವೈಫೈ ತಲುಪುವುದಿಲ್ಲ, ಮೊಬೈಲಿನ ಸಿಗ್ನಲ್ಲೂ ಅಲ್ಲಿ ಒಂದೇ ಗೆರೆ. ಹಾಗಾಗಿ ರೂಟರಿನಿಂದ ಕಂಪ್ಯೂಟರಿಗೆ ಉದ್ದನೆಯ ಕೇಬಲ್ ಎಳೆದಿದ್ದಾರೆ. ಲೈನಕ್ಕ ಮೇಜಿನ ಮುಂದಿನ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, ಬಗ್ಗಿ, ಕೇಬಲಿನ ಎರಡೂ ತುದಿಗೆ ಟೆಸ್ಟರ್ ಸಿಕ್ಕಿಸುತ್ತಾರೆ. ಎಂಟು ಪುಟ್ಟ ದೀಪಗಳು ಒಂದಾದ ಮೇಲೊಂದು ಹತ್ತಿಕೊಳ್ಳುತ್ತವೆ. ಒಳಗಿನ ಎಂಟು ಎಳೆಯೂ ಸರಿ. ಕಂಪ್ಯೂಟರಿನಲ್ಲಿ ಲೈನಿನ ಪರೀಕ್ಷೆ ಓಡಿಸಿಟ್ಟು ಕಾಯುತ್ತಾರೆ. ಲೈನು ಒಮ್ಮೆಯೂ ತಪ್ಪುವುದಿಲ್ಲ. ಎಲ್ಲವೂ ಸರಿಯಾಗಿರುವ ಈ ಸ್ಥಿತಿಯೇ ಈ ಕಸುಬಿನಲ್ಲಿ ಅತ್ಯಂತ ಕೆಟ್ಟದ್ದು. ಪೂರ್ತಿ ಕೆಟ್ಟಿದ್ದನ್ನು ಹುಡುಕುವುದು ಸುಲಭ, ಆಗಾಗ ಕೆಡುವುದು ಮಾತ್ರ ಮೆಕ್ಯಾನಿಕ್ ಬಂದ ಕೂಡಲೇ ಶಾಲೆಯ ತಪಾಸಣೆಯ ದಿನದ ಮಕ್ಕಳಂತೆ ಕೈಕಟ್ಟಿ ಕೂತುಬಿಡುತ್ತದೆ.

ಲೈನಕ್ಕ ಏಣಿ ಹತ್ತುತ್ತಾರೆ. ಹೊರಗೋಡೆಯ ಮೇಲೆ, ಸೂರಿನ ಕೆಳಗೆ, ಬೀದಿಯಿಂದ ಬಂದ ಲೈನು ಸೇರುವ ಡಬ್ಬಿಯಿದೆ. ಮುಚ್ಚಳ ತೆಗೆದರೆ ಒಳಗೆ ಜೇಡ, ತೇವ, ಹಸಿರು ಹಿಡಿದ ಕನೆಕ್ಟರು. ಕೆಳಗೆ ನಿಂತ ಅಣ್ಣನ ಮುಖ ಅರಳುತ್ತದೆ. “ಅದೇ ಅಲ್ವಾ ಅಕ್ಕ? ಸಿಕ್ತಲ್ವಾ?” ಎಂದು ಏಣಿಯನ್ನು ಅಲ್ಲಾಡಿಸಿಯೇ ಬಿಡುತ್ತಾನೆ.

ಈ ಏಣಿಗೆ ಲೈನಕ್ಕ ಬಂದದ್ದು ದೊಡ್ಡ ಸುತ್ತು ಹಾಕಿ. ಮೊದಲು ಅವರದು ಬರೀ ದನಿಯ ಕೆಲಸ. ಸಹಾಯವಾಣಿಯ ಕೋಣೆಯೊಂದರಲ್ಲಿ ಸಾಲಾಗಿ ಕೂತ ಹುಡುಗಿಯರ ನಡುವೆ ಕಿವಿಗೆ ಫೋನು ಸಿಕ್ಕಿಸಿಕೊಂಡು, ಮುಖ ಕಾಣದ ಜನರಿಗೆ “ಒಮ್ಮೆ ಆಫ್ ಮಾಡಿ ಆನ್ ಮಾಡಿ” ಎಂದು ವರ್ಷಗಟ್ಟಲೆ ಹೇಳಿದವರು. ಬೈಗುಳ ತಿಂದದ್ದಕ್ಕೆ ಲೆಕ್ಕವಿಲ್ಲ. “ಬೈಯೋರು ಪರವಾಗಿಲ್ಲ. ಕೆಲವರು ಅಳೋರು. ಮಗನ ಪರೀಕ್ಷೆ, ಅಪ್ಪನ ರಿಪೋರ್ಟು, ಏನೋ ಒಂದು ಅರ್ಧಕ್ಕೇ ನಿಂತಿರೋದು. ನಾನು ಪರದೆ ನೋಡ್ಕೊಂಡು, ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ ಅನ್ನಬೇಕು. ಆಮೇಲೆ ಆ ಮನೇಲಿ ಏನಾಯ್ತು ಅಂತ ಗೊತ್ತಾಗ್ತಾನೇ ಇರ್ಲಿಲ್ಲ. ಅದೇ ಹೊಟ್ಟೇಲಿ ಕೂತ್ಕೊಳ್ಳೋದು.”

ಒಂದು ದಿನ ಆ ಮಾತನ್ನು ಹೇಳಲು ಯಂತ್ರದ ದನಿ ಬಂತು, ಹುಡುಗಿಯರೆಲ್ಲ ಮನೆಗೆ ಹೋದರು. ಗಂಡನದು ಸಾಮಾನು ಸಾಗಿಸುವ ವ್ಯಾನು, ಓಡಿದ ದಿನ ಓಡಿತು. ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಲೈನಕ್ಕ ಕೆಲಸ ಕೇಳಿದರು. “ಬಿಲ್ ಬರೀತೀಯೇನಮ್ಮಾ?” ಎಂದನಂತೆ ಮಾಲೀಕ. “ಏಣಿ ಹತ್ತುತ್ತೀನಿ” ಎಂದರಂತೆ ಇವರು. ಅಲ್ಲಿಂದ ಮುಂದೆ ದಿನಕ್ಕೆ ಆರೇಳು ಮನೆ, ಒಂದೆರಡು ಆಫೀಸು. ಅಟ್ಟದ ಮೇಲೆ ಹೆಗ್ಗಣ, ಮಂಚದಡಿ ಧೂಳು, ಮೊಣಕಾಲಿಗೆ ಬಿಡದ ನೋವು. ಇವರನ್ನು ಮೆಚ್ಚದವರು ಅತ್ತೆಯೊಬ್ಬರೇ. “ಊರಿನ ಲೈನೆಲ್ಲ ಸರಿ ಮಾಡ್ತಾಳೆ ನಮ್ಮ ಮಹಾರಾಯ್ತಿ. ನಮ್ಮನೇಲಿ ನಾನು ಟಿವಿ ಹಾಕಿದ್ರೆ ಮಾತ್ರ ಅದು ಸುತ್ತುತ್ತಾ ಕೂತಿರುತ್ತೆ,” ಎಂದು ಬಂದವರೆದುರು ದೂರುತ್ತಾರೆ. ಸೊಸೆ ಮನೆಗೆ ಬರುವುದು ತಡವಾದರೆ ಬಾಗಿಲಲ್ಲಿ ನಿಂತು ಕಾಯುವವರೂ ಅವರೇ.

ಹಸಿರು ಹಿಡಿದ ಕನೆಕ್ಟರು ಹೋಗಿ ಹೊಸದು ಕೂರುತ್ತದೆ. ಬೆಳಕು ಬಲಿತಿದೆ. ಲೈನಕ್ಕ ಒಳಗೆ ಬಂದು ಮತ್ತೆ ಪರೀಕ್ಷೆ ಓಡಿಸುತ್ತಾರೆ. ಎಲ್ಲ ಸರಿ.

“ಹಾಗಾದ್ರೆ ಇವತ್ತು ಹೋಗಲ್ಲ ಅಲ್ವಾ?” ತಾಯಿ ಮಂಚದ ಅಂಚಿಗೆ ಜರುಗುತ್ತಾರೆ. “ಖಂಡಿತ ಹೋಗಲ್ಲ ಅಲ್ವಾ?”

ಮೊದಲು ಬಂದ ಮೂವರೂ ಹೋಗಲ್ಲ ಎಂದೇ ಹೇಳಿ ಹೋದವರು. ಲೈನಕ್ಕನ ಚೀಲದೊಳಗಿನ ಫೋನು ಆಗಲೇ ಎರಡು ಸಲ ಹೊಡೆದುಕೊಂಡಿದೆ. ಹೌದು ಎಂದು ಎದ್ದು ಹೋಗಬಹುದು. ಆದರೆ ಆ ಡಬ್ಬಿಯ ತೇವ ಅವರಿಗೆ ಸಮಾಧಾನ ಕೊಟ್ಟಿಲ್ಲ. ತೇವಕ್ಕೆ ಹೋಗುವ ಲೈನು ಹೊತ್ತಲ್ಲದ ಹೊತ್ತಿನಲ್ಲಿ ಹೋಗುತ್ತದೆ. ಈಕೆ ಮಾತಾಡಲು ಶುರು ಮಾಡಿದಾಗಲೇ ಹೋಗಬೇಕೆಂದು ಅದಕ್ಕೇನು ಹಟ?

“ಸರಿಹೋಗಿದೆ ಅನ್ನೋದು ಬೇರೆ, ಕಾರಣ ಸಿಕ್ಕಿದೆ ಅನ್ನೋದು ಬೇರೆ ಮೇಡಂ. ನಂಗಿನ್ನೂ ಕಾರಣ ಸಿಕ್ಕಿಲ್ಲ. ಹೋದ ಸಲ ಹೇಗೆ ಕೂತಿದ್ರೋ ಹಾಗೇ ಒಮ್ಮೆ ಕೂತ್ಕೊಳ್ಳಿ.”

ಗಡಿಯಾರ ಎಂಟೂವರೆ ದಾಟಿದೆ. ತಾಯಿ ಊರುಗೋಲು ಹಿಡಿದು ಬಂದು, ಚಕ್ರದ ಆಫೀಸು ಕುರ್ಚಿಯನ್ನು ಮೇಜಿನ ಮುಂದಕ್ಕೆ ಎಳೆದು ಕೂರುತ್ತಾರೆ. ಪ್ಲಾಸ್ಟರಿನ ಕಾಲನ್ನು ಪಕ್ಕದ ಮಣೆಯ ಮೇಲೆ ಇಡುತ್ತಾರೆ. ಇನ್ನು ಆ ಕಡೆಗೊಬ್ಬ ಜಡ್ಜು ಬೇಕಲ್ಲ! ಅಣ್ಣನನ್ನು ಮೊಬೈಲು ಸಮೇತ ಗೇಟಿನಾಚೆ ಅಟ್ಟುತ್ತಾರೆ ಲೈನಕ್ಕ, ಸಿಗ್ನಲ್ ಇರುವುದು ಅಲ್ಲೇ. ಬನಿಯನ್ನು, ಪೈಜಾಮದ ಜಡ್ಜು ಪರದೆಯ ಮೇಲೆ ಪ್ರತ್ಯಕ್ಷನಾಗುತ್ತಾನೆ. ಹಿಂದೆ ಪೇಪರ್ ಹಾಕುವವನು ಸೈಕಲ್ ನಿಲ್ಲಿಸಿ ಕುತ್ತಿಗೆ ಚಾಚಿ ನೋಡುತ್ತಾನೆ.

“ನಿಮ್ಮ ಹೆಸರೇನು?” ಜಡ್ಜು ಗಂಟಲು ಗಟ್ಟಿ ಮಾಡುತ್ತಾನೆ.

ತಂಗಿ ಹೇಳುತ್ತಾರೆ. ಊರು ಹೇಳುತ್ತಾರೆ. ಕೆಲಸ ಹೇಳುತ್ತಾರೆ. ಬೆನ್ನು ಕುರ್ಚಿಗೆ ಅಂಟಿದೆ, ಕೈಗಳು ಮಡಿಲಲ್ಲಿವೆ. ಲೈನು ಕಲ್ಲಿನಂತೆ ನಿಂತಿದೆ. ಲೈನಕ್ಕ ಪರದೆ, ರೂಟರು, ಪ್ಲಗ್ಗು ಎಂದು ಬಾಲ ಸುಟ್ಟ ಬೆಕ್ಕಿನಂತೆ ಅಲ್ಲಿಂದಿಲ್ಲಿಗೆ ಓಡಾಡುತ್ತಾರೆ. ಏನೂ ಆಗುವುದಿಲ್ಲ. ಅಣ್ಣನ ಪ್ರಶ್ನೆಗಳು ಮುಗಿಯುತ್ತಾ ಬರುತ್ತವೆ. ಇನ್ನೇನು ಕೇಳುವುದೆಂದು ತೋಚದೆ ಅವನು ತನ್ನ ಮಾತಿಗೇ ಬರುತ್ತಾನೆ.

“ಸರಿ, ಕೂಸು ನಿನ್ ಹತ್ರಾನೇ ಯಾಕಿರಬೇಕು, ಹೇಳು.”

“ಯಾಕಂದ್ರೆ ಅವಳು...” ತಾಯಿ ತಟ್ಟನೆ ಮುಂದಕ್ಕೆ ಬಾಗುತ್ತಾರೆ, ಎರಡೂ ಮೊಣಕೈ ಮೇಜಿನ ಮೇಲೆ. “ಅವಳು ಕತ್ತಲಲ್ಲಿ ನಿದ್ದೆ ಮಾಡಲ್ಲ ಕಣೋ. ಅದನ್ನ ಅವಳು ಬಾಯಿಬಿಟ್ಟು ಹೇಳೋದೂ ಇಲ್ಲ. ಸುಮ್ನೆ ಕಣ್ಬಿಟ್ಕೊಂಡು...”

ಪರದೆಯ ಮೇಲೆ ಅಣ್ಣ ಬಾಯಿ ತೆರೆದವನು ತೆರೆದಂತೆಯೇ ನಿಂತುಬಿಡುತ್ತಾನೆ.

ತಾಯಿಯ ಬೆರಳುಗಳು ಗಾಳಿಯಲ್ಲಿವೆ, ಕೀಲಿಮಣೆಯಿಂದ ಎಷ್ಟೋ ದೂರ. “ನೋಡಿ, ನೋಡಿ, ಹೋಯ್ತು! ನಾನೇನೂ ಮುಟ್ಟಿಲ್ಲ...” ದನಿ ಕಿತ್ತುಕೊಂಡು ಬರುತ್ತದೆ.

“ಅಲ್ಲಾಡಬೇಡಿ!” ಲೈನಕ್ಕ ಕೂಗಿಯೇ ಬಿಡುತ್ತಾರೆ. ಅವರು ನೋಡುತ್ತಿರುವುದು ಪರದೆಯನ್ನಲ್ಲ, ಆ ತಾಯಿಯ ಬೆನ್ನನ್ನು. ಇಷ್ಟು ಹೊತ್ತು ಕುರ್ಚಿಗೆ ಒರಗಿದ್ದ ಬೆನ್ನು ಈಗ ಒಂದು ಮೊಳ ಮುಂದಿದೆ. “ಹಾಗೇ ಇರಿ. ಈಗ ನಿಧಾನಕ್ಕೆ ಹಿಂದೆ ಒರಗಿ.”

ಒರಗುತ್ತಾರೆ. ಕೆಲ ಕ್ಷಣಗಳಲ್ಲಿ ಗೇಟಿನ ಬಳಿಯ ಜಡ್ಜು ಮತ್ತೆ ಜೀವ ಪಡೆದು “ಹಲೋ, ಹಲೋ” ಎನ್ನುತ್ತಾನೆ. ಮುಂದಕ್ಕೆ ಬಾಗುತ್ತಾರೆ. ಹೋಗುತ್ತದೆ. ಹಿಂದೆ, ಬರುತ್ತದೆ.

ಲೈನಕ್ಕ ನೆಲಕ್ಕೆ ಬೀಳುತ್ತಾರೆ, ಬೀಳುತ್ತಾರೆ ಎಂದೇ ಹೇಳಬೇಕು. ಮೇಜಿನ ಕೆಳಗೆ ದಪ್ಪನೆಯ ಕಾರ್ಪೆಟ್ಟು. ಕುರ್ಚಿಯ ಮುಂದಿನ ಚಕ್ರ ಅದರಲ್ಲಿ ಹೂತು ಕೂತಿದೆ. ಕಾರ್ಪೆಟ್ಟಿನ ಮೂಲೆ ಎತ್ತಿದರೆ, ಸರಿಯಾಗಿ ಚಕ್ರದಡಿ, ಜಜ್ಜಿ ಚಪ್ಪಟೆಯಾದ ಕೇಬಲ್. ಸುಮ್ಮನಿದ್ದಾಗ ಒಳಗಿನ ಎಳೆಗಳು ಹೇಗೋ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಮೈಭಾರ ಮುಂದಕ್ಕೆ ಬಿದ್ದರೆ ಬಿಟ್ಟುಕೊಳ್ಳುತ್ತವೆ. ಮೂರು ಮೆಕ್ಯಾನಿಕ್ಕುಗಳು ಬಂದರು. ಮೂವರೂ ಬಂದ ಕೂಡಲೇ, ಈ ಕಸುಬಿನವರೆಲ್ಲ ಮಾಡುವಂತೆ, ಬಗ್ಗಲು ಜಾಗ ಬೇಕೆಂದು ಕುರ್ಚಿಯನ್ನು ಪಕ್ಕಕ್ಕೆ ತಳ್ಳಿದರು. ಕುರ್ಚಿಯ ಜೊತೆ ರೋಗವೂ ಪಕ್ಕಕ್ಕೆ ಹೋಯಿತು. ಎಲ್ಲ ಸರಿಯಾಗಿ ಕಂಡಿತು.

“ನಾನೂ ಬೆಳಿಗ್ಗೆ ಅದನ್ನೇ ಮಾಡಿದ್ನಲ್ಲ!” ಎಂದು ಲೈನಕ್ಕ ಹಣೆ ಬಡಿದುಕೊಳ್ಳುತ್ತಾರೆ. “ಮೊದ್ಲು ಮನುಷ್ಯರನ್ನ ಕೂರಿಸಿ ನೋಡಬೇಕಿತ್ತು.”

ಓಡಿ ಬಂದ ಅಣ್ಣ ಕಾರ್ಪೆಟ್ಟಿನ ಮುಂದೆ ನಿಂತಲ್ಲೇ ಕುಗ್ಗಿಹೋಗುತ್ತಾನೆ. “ಅದನ್ನ ನಾನೇ ಹಾಸಿದ್ದು. ಊರುಗೋಲು ವೈರಿಗೆ ಸಿಕ್ಕಿ ಇವಳು ಮತ್ತೆ ಬಿದ್ದಾಳು ಅಂತ.” ತಂಗಿಯ ಮುಖ ನೋಡಲಾಗದೆ ಗೋಡೆ ನೋಡುತ್ತಾನೆ. “ನೀನೇ ಒತ್ತಿದೀಯ ಅಂತ ಎಷ್ಟು ಬೈದೆ ನಿಂಗೆ.”

“ಹಾಗಾದ್ರೆ ನಾನಲ್ಲ,” ಎನ್ನುತ್ತಾರೆ ತಾಯಿ. ಮತ್ತೊಮ್ಮೆ, ಇನ್ನೂ ಮೆಲ್ಲಗೆ, “ನಾನಲ್ಲ.” ಹೋದ ವಿಚಾರಣೆಯ ದಿನದಿಂದ ಈಕೆ ತನ್ನ ಬೆರಳುಗಳನ್ನೇ ಶಪಿಸುತ್ತಾ ಮಲಗಿದ್ದವರು. ಮಗಳ ಹೆಸರೆತ್ತಿದರೆ ಯಾವ ತಾಯಿಯ ಮೈ ತಾನೇ ಮುಂದಕ್ಕೆ ಬರುವುದಿಲ್ಲ? ಆ ಪ್ರೀತಿಯ ಭಾರಕ್ಕೇ ಲೈನು ಕಡಿಯುತ್ತಿತ್ತು.

ಅಳಲು ಪುರುಸೊತ್ತಿಲ್ಲ. ಒಂಬತ್ತು ಹೊಡೆದಿದೆ. ಜಜ್ಜಿದ ಕೇಬಲನ್ನು ನಂಬುವ ಹಾಗಿಲ್ಲ, ಹೊಸದನ್ನೇ ಎಳೆಯಬೇಕು. ನೆಲ ಬೇಡ, ಬಾಗಿಲ ಚೌಕಟ್ಟಿನ ಮೇಲಿಂದ. ಅಣ್ಣ ಏಣಿ ಹತ್ತಿ ಮೊಳೆ ಹೊಡೆಯುತ್ತಾನೆ, ಲೈನಕ್ಕ ತುದಿಗೆ ಕನೆಕ್ಟರು ಹಾಕಲು ಕೂರುತ್ತಾರೆ. ಕೂದಲಿಗಿಂತ ತುಸು ದಪ್ಪನೆಯ ಎಂಟು ಬಣ್ಣದ ಎಳೆಗಳನ್ನು ತಪ್ಪದ ಸಾಲಿನಲ್ಲಿ ಜೋಡಿಸಿ ಒತ್ತಬೇಕು. ದಿನವೂ ಕಣ್ಣುಮುಚ್ಚಿ ಮಾಡುವ ಕೆಲಸ. ಇವತ್ತು ಟೆಸ್ಟರಿನ ದೀಪ ಮೂರರಿಂದ ಆರಕ್ಕೆ ಹಾರಿ ಹಿಂದೆ ಬರುತ್ತದೆ. ಎರಡು ಎಳೆ ಅದಲುಬದಲು. ಲೈನಕ್ಕ ತುಟಿ ಕಚ್ಚಿ, ಕತ್ತರಿಸಿ ಎಸೆದು, ಮತ್ತೆ ಮೊದಲಿನಿಂದ ಹಿಡಿಯುತ್ತಾರೆ.

ಆಗಲೇ ಅಂಗಡಿಯ ಮಾಲೀಕನ ಫೋನು. “ಎಲ್ಲಿ ಸತ್ತಿದೀಯಮ್ಮಾ? ಲೆಕ್ಕಪತ್ರದವರ ಆಫೀಸಲ್ಲಿ ಅಷ್ಟೂ ಕಂಪ್ಯೂಟರು ನಿಂತಿದೆ. ಆಗ್ಲಿಂದ ನನ್ನ ಪ್ರಾಣ ತಿಂತಿದಾರೆ!”

“ಇಲ್ಲಿ ಮುಗಿಯೋ ತನಕ ಬರಕ್ಕಾಗಲ್ಲ ಸಾರ್.”

“ಒಂದು ಮನೆ ಕನೆಕ್ಷನ್ನಿಗೆ ಬೆಳಿಗ್ಗೆಯಿಂದ ಏನ್ ಮಾಡ್ತಿದೀಯ?”

“ಇಲ್ಲೊಂದು ಮಗು ಇದೆ ಸಾರ್,” ಎಂದು ಹೇಳಿ ಫೋನು ಕೆಳಗಿಡುತ್ತಾರೆ. ಮಗು ಇಲ್ಲಿಲ್ಲ ಎಂಬುದು ಆಮೇಲೆ ಹೊಳೆಯುತ್ತದೆ.

ಈ ಸಲ ಎಂಟೂ ದೀಪ ಸಾಲಾಗಿ ಹತ್ತುತ್ತವೆ. ಕಾರ್ಪೆಟ್ಟು ಸುರುಳಿಯಾಗಿ ಮೂಲೆ ಸೇರುತ್ತದೆ. ತಾಯಿ ಕುರ್ಚಿಯಲ್ಲಿ ಕೂತು ಮುಂದೆ, ಹಿಂದೆ, ಮತ್ತೆ ಮುಂದೆ ಬಾಗಿ ನೋಡುತ್ತಾರೆ. ನಿಂತಿದೆ. ಹತ್ತಕ್ಕೆ ಇನ್ನೇನು ಕೆಲವೇ ನಿಮಿಷ. ವಿಚಾರಣೆಯ ಹೊತ್ತಿಗೆ ಕೋಣೆಯಲ್ಲಿ ಬೇರೆ ಯಾರೂ ಇರಕೂಡದು ಎಂಬುದು ನಿಯಮ. ಬಾಗಿಲು ಹಾಕುವ ಮುನ್ನ ಲೈನಕ್ಕ ಹೇಳುತ್ತಾರೆ: “ಈಗ ಎಷ್ಟು ಬೇಕಾದ್ರೂ ಮುಂದಕ್ಕೆ ಬಾಗು ತಂಗಿ. ಲೈನಿನ ಯೋಚನೆ ನಂಗಿರಲಿ.” ಮೇಡಂ ತಂಗಿಯಾದದ್ದು ಇಬ್ಬರ ಗಮನಕ್ಕೂ ಬರುವುದಿಲ್ಲ.

ಪಡಸಾಲೆಯಲ್ಲಿ ರೂಟರಿನ ಕೆಳಗೆ, ನೆಲದ ಮೇಲೆ, ಇಬ್ಬರು ಕೂತಿದ್ದಾರೆ. ಪಂಪು ಬಂದ್, ಇಸ್ತ್ರಿಪೆಟ್ಟಿಗೆ ಬಂದ್, ಕರೆಗಂಟೆಯ ಸ್ವಿಚ್ಚೂ ಬಂದ್. ಒಳಗಿನ ಮಾತು ಕೇಳಿಸುವುದಿಲ್ಲ, ಕೇಳಲೂಬಾರದು. ಲೈನಕ್ಕ ಕಣ್ಣೆವೆ ಮಿಟುಕಿಸದೆ ರೂಟರಿನ ಹಸಿರು ದೀಪವೊಂದನ್ನು ನೋಡುತ್ತಿದ್ದಾರೆ. ಅದು ಪಟಪಟನೆ ಮಿನುಗುತ್ತಿದ್ದರೆ ಒಳಗಿನ ಮಾತು ಹೊರಗೆ ಹೋಗುತ್ತಿದೆ ಎಂದರ್ಥ. ಅಣ್ಣ ಒಮ್ಮೆ ದೀಪ ನೋಡುತ್ತಾನೆ, ಒಮ್ಮೆ ಅವರ ಮುಖ ನೋಡುತ್ತಾನೆ. ತುಂಬ ಹೊತ್ತು ಏನೂ ಆಗುವುದಿಲ್ಲ. ಏನೂ ಆಗದಿರಲಿ ಎಂದು ಕಾಯುವುದು ಎಷ್ಟು ಕಷ್ಟವೆಂದು ಈ ಕಸುಬಿನವರನ್ನೇ ಕೇಳಬೇಕು.

ಆಗ ಬಾಗಿಲಾಚೆ ಕುರ್ಚಿ ಕಿರ್ರೆನ್ನುತ್ತದೆ.

ಅಣ್ಣ ಲೈನಕ್ಕನ ತೋಳನ್ನು ಗಟ್ಟಿಯಾಗಿ ಹಿಡಿದುಬಿಡುತ್ತಾನೆ. ಅವಳು ಮುಂದಕ್ಕೆ ಬಾಗಿದಳು. ಮಗಳ ಮಾತು ಬಂತು. ಹಸಿರು ದೀಪ ಒಂದು ಕ್ಷಣ ನಿಂತಂತೆ ಇಬ್ಬರಿಗೂ ಕಾಣುತ್ತದೆ. ನಿಂತಿಲ್ಲ. ಪಟಪಟ ಕುಣಿಯುತ್ತಲೇ ಇದೆ, ಇನ್ನೂ ಕುಣಿಯುತ್ತದೆ, ಕುಣಿಯುತ್ತಲೇ ಹೋಗುತ್ತದೆ. ಅಣ್ಣ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಸದ್ದಿಲ್ಲದೆ ಅಳುತ್ತಾನೆ. ಲೈನಕ್ಕ ಅವನ ಬೆನ್ನು ತಟ್ಟುತ್ತಾರೆ, ಕಣ್ಣು ಮಾತ್ರ ದೀಪದ ಮೇಲೇ ಇದೆ.

ಬಾಗಿಲು ತೆರೆದಾಗ ಆ ತಾಯಿಯ ಮುಖ ಒದ್ದೆಯಾಗಿದೆ, ಕತ್ತು ನೆಟ್ಟಗಿದೆ. “ಪೂರ್ತಿ ಕೇಳಿದ್ರು. ನಡುವೆ ತಡೀಲಿಲ್ಲ. ಹೋದ ಸಲ ಯಾಕೆ ಹೋಯ್ತು ಅಂತ ಕೇಳಿದ್ರು, ಕಾರ್ಪೆಟ್ ಕತೆ ಹೇಳ್ದೆ. ಜಡ್ಜು ಬರ್ಕೊಂಡ್ರು.” ತೀರ್ಪು ಇವತ್ತಲ್ಲ. ಮುಂದಿನ ತಾರೀಕಿಗೆ. ಅದು ಏನಾದೀತೆಂದು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೂ ಗೊತ್ತಾಗಿಲ್ಲ.

ಲೈನಕ್ಕ ಆಗಲೇ ಚೀಲ ಹೆಗಲಿಗೇರಿಸಿದ್ದಾರೆ. ಲೆಕ್ಕಪತ್ರದವರು ಕಾಯುತ್ತಿದ್ದಾರೆ, ಮಾಲೀಕನ ಬೈಗುಳವೂ ಕಾಯುತ್ತಿದೆ. ಗೇಟಿನ ತನಕ ಬಿಡಲು ಬಂದ ಅಣ್ಣ ಏಣಿಯನ್ನು ತಾನೇ ಹೊತ್ತು ತಂದಿದ್ದಾನೆ. ನಿಮಗೆ ಏನು ಕೊಟ್ಟರೂ ಕಡಿಮೆಯೇ, ಏನು ಬೇಕು ಹೇಳಿ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಲೈನಕ್ಕ ಮೊದಲು ಏನೂ ಬೇಡ ಎನ್ನುತ್ತಾರೆ. ಆಮೇಲೆ ಗೇಟಿನ ಮೇಲೆ ಕೈಯಿಟ್ಟು ನಿಲ್ಲುತ್ತಾರೆ.

“ಮುಂದಿನ ವರ್ಷ ಯಾವತ್ತಾದ್ರೂ ಒಂದಿನ ಆ ಹುಡುಗಿ ಈ ಮನೇಲಿ ಕೂತು, ಕಾರ್ಟೂನ್ ಬರ್ತಿಲ್ಲ ಅಂತ ರಂಪ ಮಾಡಿ, ಅವರಮ್ಮ ತಡ್ಕೊಳ್ಳೋಕಾಗದೆ ನಂಗೆ ಫೋನ್ ಮಾಡ್ಬೇಕು ಅಣ್ಣ. ಎಲ್ಲಿದ್ರೂ ಬರ್ತೀನಿ.”